ಕಾಂಪೌಂಡಿನ ಇಟ್ಟಿಗೆ

ಜೂನ್ 19, 1989. ಸೋಮವಾರ, ಬೆಳಿಗ್ಗೆ ಆರೂವರೆ

ಗಂಗಿ ತವರಿಗೆ ಬಂದು ಹನ್ನೆರಡು ದಿನ. ಈವರೆಗಿನ ಖರ್ಚು: ನಿಂಬೆಹಣ್ಣು ಇಪ್ಪತ್ತು, ಮಾವಿನಕಾಯಿ ಒಂಬತ್ತು, ಕಾಂಪೌಂಡ್ ಗೋಡೆಯಿಂದ ಇಟ್ಟಿಗೆ ಒಂದೂಕಾಲು. ಕೊನೆಯದು ಮಾತ್ರ ಸಂತೋಷದ ಖರ್ಚು.

ಮೂರನೇ ತಿಂಗಳು ಅವಳಿಗೆ. ಅನ್ನ ಕಂಡರೆ ಆಗದು. ಅಳಿಯ ಬಿ.ಟಿ.ಎಸ್. ಕಂಡಕ್ಟರ್, ಡ್ಯೂಟಿ ಬಿಟ್ಟು ನೋಡಿಕೊಳ್ಳಲಾರ. ಬ್ಯಾಟರಾಯನಪುರದಿಂದ ನಾನೇ ಕರೆತಂದೆ. ಹೋದ ವಾರ ಮಳೆ ನಿಂತಮೇಲೆ ಗೋಡೆಗೆ ಮೂಗು ತಾಗಿಸಿ ನಿಂತಿದ್ದಳು. ನಾಚಿಕೊಂಡೇ ಕೇಳಿದಳು.

"ಅಪ್ಪ, ಎಂಥಾ ವಾಸ್ನೆ ಬತ್ತದೆ ನೋಡು. ಒಂಚೂರು ಕಿತ್ಕೊಡ್ತೀಯಾ?"

ಅವಳಮ್ಮನ ಮಾತೇ. ಅದೇ ನಾಚಿಕೆ. ಉಳಿ ತಂದು ಮೇಲಿನ ಸಾಲಿನ ಒಂದು ಇಟ್ಟಿಗೆ ಎಬ್ಬಿಸಿ, ಮೂಲೆ ಒಡೆದು ಕೊಟ್ಟೆ. ಕಣ್ಣು ಮುಚ್ಚಿ ತಿಂದಳು.

ಜೂನ್ 22. ಸಂಜೆ

ಮಳೆ. ಕೂತು ಹಳೆಯದೆಲ್ಲ ನೆನೆದೆ.

ಎಪ್ಪತ್ತನೇ ಇಸವಿ. ಕೋಗಿಲು ಕೆರೆಯಂಗಳದ ಮಣ್ಣು, ನನ್ನ ಮೊದಲ ಇಟ್ಟಿಗೆ ಗೂಡು. ಬೆಂಕಿ ನೋಡಿಕೊಳ್ಳುವವನು ನಜೀರ್. ಅಚ್ಚಿನಲ್ಲಿ 'ಲ.ಪ.' ಅಂತ ಎರಡಕ್ಷರ — ಲಕ್ಕಣ್ಣ ನಾನು, ಪಟಾಲಮ್ಮ ನನ್ನ ಹೆಂಡತಿ. ಗಂಗಿ ಹೊಟ್ಟೆಯಲ್ಲಿ, ಅವಳಿಗೆ ಆಗ ಇದೇ ಮೂರನೇ ತಿಂಗಳು. ಗೂಡು ಬಿಚ್ಚುವ ದಿನ ಬಂದು, ಬೆಚ್ಚಗಿನ ಇಟ್ಟಿಗೆಗೆ ನೀರು ಚಿಮುಕಿಸಿ, ಮೂಸಿ, ಚೂರು ಬಾಯಿಗೆ ಹಾಕುತ್ತಿದ್ದಳು.

"ಇದ್ರಾಗೆ ಕಾವು ಸಾಲ್ದು ಕಣಯ್ಯ. ಹಸಿ ಹಸಿ ಅದೆ."

ಒಡೆದು ನೋಡಿದರೆ ನಿಜ, ನಡುವೆ ಕಪ್ಪು. ಆಮೇಲೆ ನಜೀರನದ್ದು ಒಂದೇ ಮಾತು: "ಅತ್ತಿಗೆ ಪಾಸ್ ಮಾಡ್ಲಿ, ಆಮೇಲೆ ಲಾರಿ ತುಂಬ್ಸಾಣ." ಹಾಗೇ ಮಾಡಿದೆವು. ಆ ವರ್ಷ ಒಬ್ಬ ಗಿರಾಕಿಯೂ ಮಾಲು ವಾಪಸ್ ಕಳಿಸಲಿಲ್ಲ.

ಈ ಕಥೆ ಹದಿನೆಂಟು ವರ್ಷದಿಂದ ಹೇಳುತ್ತಿದ್ದೇನೆ. ಮದುವೆಮನೆಯಲ್ಲಿ, ಟೀ ಅಂಗಡಿಯಲ್ಲಿ, ಸೈಟ್ ನೋಡಲು ಬಂದವರಿಗೆ. ನಗದವರಿಲ್ಲ. ಗೂಡು ಮುಚ್ಚಿತು, ಆ ಜಾಗದಲ್ಲಿ ಈಗ ಲೇಔಟ್ ಕಲ್ಲು ನೆಟ್ಟಿದ್ದಾರೆ. ಆ ವರ್ಷದ ಇಟ್ಟಿಗೆ ಉಳಿದಿರುವುದು ನನ್ನ ಕಾಂಪೌಂಡಿನಲ್ಲಿ ಮಾತ್ರ. ಅಕ್ಷರ ಕಾಣಲೆಂದು ಮಟ್ಟಸವಾಗಿ ಮಲಗಿಸದೆ, ಅಚ್ಚಿನ ಮುಖ ಹೊರಗೆ ಮಾಡಿ ಕಟ್ಟಿಸಿದ್ದು. ಸಿಮೆಂಟ್ ಬಳಿಯಲು ಯಾರಿಗೂ ಬಿಟ್ಟಿಲ್ಲ.

ಜುಲೈ 4. ಮಧ್ಯಾಹ್ನ

ಗಂಗಿ ನಲ್ಲಿಯ ಹತ್ತಿರ ಬಿದ್ದಳು. ಬಿಂದಿಗೆ ಪಕ್ಕಕ್ಕೆ ಉರುಳಿತು, ಸದ್ಯ ಹೊಟ್ಟೆಗೆ ತಾಗಲಿಲ್ಲ. ಬಸುರಿಗೆ ತಲೆ ಸುತ್ತುವುದು ಇದ್ದದ್ದೇ ಅಂದುಕೊಂಡೆ. ನಜೀರನ ಸೊಸೆ ಸಬೀರಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಬಂದು ಗಂಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಸುಣ್ಣ ಬಳ್ದಂಗಿದೆ, ಮಾಮಾ. ಈಗ್ಲೇ ಹೊರಡಿ."

ಆಟೋದಲ್ಲಿ ಹೋದೆವು. ಬೆರಳು ಚುಚ್ಚಿ ರಕ್ತ ತೆಗೆದರು. ಹಿಮೋಗ್ಲೋಬಿನ್ ಏಳು. ಹನ್ನೊಂದು ಇರಬೇಕಂತೆ.

ಕಾಯುತ್ತ ಕೂತಾಗ ಸುಮ್ಮನಿರಲಾರದೆ ಸಬೀರಾಗೆ ಇಟ್ಟಿಗೆ ಕಥೆ ಹೇಳಿದೆ. ಅಮ್ಮನಂತೆ ಮಗಳು, ಅಂದೆ. ಅವಳು ನಗಲಿಲ್ಲ.

"ಮಾಮಾ, ರಕ್ತ ಕಮ್ಮಿ ಆದೋರಿಗೆ ಹಿಂಗೆ ಮಣ್ಣು ತಿನ್ನೋ ಆಸೆ ಬರುತ್ತೆ. ಅದನ್ನ ತಿಂದ್ರೆ ಊಟದಲ್ಲಿರೋ ಕಬ್ಬಿಣಾನೂ ಮೈಗೆ ಹತ್ತಲ್ಲ. ಇನ್ನೂ ಕಮ್ಮಿ ಆಗುತ್ತೆ. ಹೆರಿಗೇಲಿ ಒಂದಿಷ್ಟು ಹೋದ್ರೂ ತಡ್ಕೊಳ್ಳೋಕೆ ಮೈಯಲ್ಲಿ ಏನೂ ಇರಲ್ಲ." ಆಮೇಲೆ ಕೇಳಿದಳು. "ಗಂಗಿ ಅಮ್ಮ ಹೋಗಿದ್ದು... ಹೆರಿಗೇಲಲ್ವಾ?"

ಗೋಡೆ ಗಡಿಯಾರ ನೋಡಿದೆ. ಚೀಟಿ ಎಲ್ಲಿ ಕೊಡಬೇಕಮ್ಮ, ಅಂದೆ.

ಜುಲೈ 12

ಎಂಟು ದಿನ ಬರೆಯಲಿಲ್ಲ.

ಬರೆದುಬಿಡುತ್ತೇನೆ. ಎಪ್ಪತ್ತೊಂದು, ಫೆಬ್ರವರಿ. ಗಂಗಿ ಹುಟ್ಟಿ ಎರಡು ಗಂಟೆ ಆಗಿರಲಿಲ್ಲ. ಪಟಾಲಮ್ಮ ಹೋದಳು. ತುಂಬಾ ಏನೂ ರಕ್ತ ಹೋಗಲಿಲ್ಲವಲ್ಲ ಅಂತ ಸೂಲಗಿತ್ತಿ ತಲೆಮೇಲೆ ಕೈಯಿಟ್ಟು ಕೂತಿದ್ದಳು. ದೃಷ್ಟಿ ಅಂದರು. ನಾನೂ ಹೂಂ ಅಂದೆ.

ಬಸುರಿನಲ್ಲಿ ಅವಳು ಬೆಳ್ಳಗಾಗಿದ್ದಳು. ನೋಡಿದವರೆಲ್ಲ "ಏನ್ ಕಳೆ ಬಂದದೆ ಲಕ್ಕಣ್ಣ" ಅನ್ನುತ್ತಿದ್ದರು. ನಾನು ಮೀಸೆ ತಿರುವುತ್ತಿದ್ದೆ.

ಜುಲೈ 14. ಬೆಳಿಗ್ಗೆ

ಮಾತ್ರೆ ದಿನಕ್ಕೆರಡು, ನಿಂಬೆಪಾನಕದ ಜೊತೆ. ಕಾಫಿ ಊಟದ ಹತ್ತಿರ ಬರಕೂಡದು. ದಿನ ಬಿಟ್ಟು ದಿನ ಇಂಜೆಕ್ಷನ್. ಇಟ್ಟಿಗೆ ಬಂದ್, ಅಂತ ಗಂಗಿಗೆ ಹೇಳಿದೆ. ಮುಖ ಸಣ್ಣದಾಯಿತು.

"ಬಯಕೆ ತೀರಿಸ್ದಿದ್ರೆ ಮಗೀಗೆ ಕಿವಿ ಸೋರ್ತದಂತೆ. ಅಜ್ಜಿ ಯೋಳಿರ್ಲಿಲ್ವಾ?"

"ಸೋರ್ಲಿ. ಕಿವಿಗೆ ಡಾಕ್ಟ್ರವ್ರೆ."

"ನೀನೇ ಕಿತ್ಕೊಟ್ಟೆ. ಈಗ ನೀನೇ ಬ್ಯಾಡ ಅಂತೀಯ."

ನಾಲ್ಕು ಲಾರಿ ಮಾತು ಮಾರಿ ಬದುಕಿದವನು ನಾನು. ಎದ್ದು ನಿಂಬೆಹಣ್ಣು ಹಿಂಡಲು ಹೋದೆ.

ಜುಲೈ 26

ನುಗ್ಗೆಮರದ ಹಿಂದೆ, ಗೋಡೆಯಲ್ಲಿ, ಚಮಚದಿಂದ ಕೆರೆದ ಗುರುತು. ಹೊಸದು. ಗಂಗಿಯ ಕೈ ಎತ್ತರಕ್ಕೆ ಸರಿಯಾಗಿ. ಪುಡಿ ಕೂಡ ಬಿದ್ದಿಲ್ಲ.

ಬೈಯಲಿಲ್ಲ. ಅದು ಅವಳ ಕೈಯಲ್ಲಿಲ್ಲ ಅಂತ ಸಬೀರಾ ಮೊದಲೇ ಹೇಳಿದ್ದಾಳೆ — ರಕ್ತ ಏರಿದರೆ ತಾನೇ ಬಿಡುತ್ತದಂತೆ. ಆದರೆ ಇದನ್ನು ತಿನ್ನುತ್ತಿದ್ದರೆ ಅದು ಏರುವುದು ಹೇಗೆ?

ನಜೀರನಿಗೆ ಹೇಳಿಕಳಿಸಿದೆ. ಈಗ ಅವನದ್ದು ಪ್ಲಾಸ್ಟರಿಂಗ್ ಕೆಲಸ.

ಜುಲೈ 28. ಸಂಜೆ

ನಜೀರ್ ಬಂದವನೇ ನಕ್ಕ. "ಏನ್ ಲಕ್ಕಣ್ಣ, ಈ ಗೋಡೆ ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆ."

ಕೂರಿಸಿ ಎಲ್ಲ ಹೇಳಿದೆ. ಬೀಡಿ ಬೆರಳಲ್ಲೇ ಆರಿತು.

"ಚೆನ್ನಾಗಿ ಬೆಂದಿದ್ದು ಆರ್ಸಿ ಆರ್ಸಿ ಕೊಡ್ತಿದ್ದೆ," ಅಂದ. "ಅತ್ತಿಗೆ, ಇದು ನೋಡಿ, ಅದು ನೋಡಿ ಅಂತ."

"ನಾನೂ ಕೊಟ್ಟೆ."

"ನಮ್ಗೇನ್ ಗೊತ್ತಿತ್ತು, ಲಕ್ಕಣ್ಣ."

ಗೊತ್ತಿರಲಿಲ್ಲ. ಆದರೆ ನಗುತ್ತಿದ್ದೆವು. ಆಮೇಲೆ ಹದಿನೆಂಟು ವರ್ಷವೂ.

ಜುಲೈ 31

ಎರಡು ದಿನದ ಕೆಲಸ. ಸಿಮೆಂಟಿನಡಿ ಸಾಲು ಸಾಲಾಗಿ 'ಲ.ಪ.' ಮರೆಯಾಯಿತು. ಕೊನೆಗೆ ಗೇಟಿನ ಪಕ್ಕ ಒಂದೇ ಒಂದು ಇಟ್ಟಿಗೆ ಬಿಡು ಅಂದೆ. ಮೇಲಿದೆ, ಕೈಗೆಟುಕದು. ನಜೀರ್ ಕರಣೆ ಕೆಳಗಿಟ್ಟ.

ತಿರುಗಿ ನೋಡಿದರೆ ಗಂಗಿ ಬಾಗಿಲಲ್ಲಿ. ಅವಳ ಕಣ್ಣೂ ಅದೇ ಇಟ್ಟಿಗೆಯ ಮೇಲೆ.

ಕರಣೆ ತೆಗೆದುಕೊಂಡು ನಾನೇ ಬಳಿದೆ. ಗಂಗಿ ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ. ಮಾತ್ರೆ ಮಾತ್ರ ನುಂಗಿದಳು, ನನ್ನ ಮುಖ ನೋಡುತ್ತ.

ಆಗಸ್ಟ್ 20

ಮಳೆ. ಗೋಡೆ ಸುಮ್ಮನೆ ನೆನೆಯಿತು. ವಾಸನೆಯಿಲ್ಲ.

ಗಂಗಿ ತಾನಾಗಿ ಕೇಳಿದಳು — "ಅಪ್ಪ, ಮುದ್ದೆ ಐತಾ?" ನುಗ್ಗೆಸೊಪ್ಪಿನ ಸಾರಿನಲ್ಲಿ ಒಂದೂವರೆ ಮುದ್ದೆ.

ಸೆಪ್ಟೆಂಬರ್ 12. ಬೆಳಿಗ್ಗೆ ಹನ್ನೊಂದು

ಆಸ್ಪತ್ರೆಯಿಂದ ಈಗ ಬಂದೆವು. ರಕ್ತ ಒಂಬತ್ತೂವರೆಗೆ ಏರಿದೆ. ಇನ್ನೂ ಏರಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅಂತ ಸಬೀರಾ ಚೀಟಿಯಲ್ಲಿ ಗೆರೆ ಎಳೆದು ಕೊಟ್ಟಿದ್ದಾಳೆ. ಆಟೋದಲ್ಲಿ ಗಂಗಿ ನನ್ನ ಭುಜಕ್ಕೊರಗಿ ಕೇಳಿದಳು: "ಅಪ್ಪ, ಅಮ್ಮ ಇಟ್ಟಿಗೆ ನೋಡಿ ಪಾಸ್ ಮಾಡ್ತಿದ್ದ ಕಥೆ ಯೋಳು."

ಇನ್ನೊಂದಿನ ಅಂದೆ.

ಲೆಕ್ಕ ಮುಗಿಸುತ್ತೇನೆ. ಯಾರಿಗೆ ಏನು ಸಿಕ್ಕಿತು —

ಗಂಗಿಗೆ: ಏಳರ ಮೇಲೆ ಎರಡೂವರೆ.

ಹುಟ್ಟುವ ಮಗುವಿಗೆ: ತಾಯಿ. ದೇವರು ದೊಡ್ಡವನು.

ಸಬೀರಾಗೆ: ನಮ್ಮ ಮರದ ನುಗ್ಗೆಸೊಪ್ಪು, ಬೇಕಾದಷ್ಟು ದಿನ.

ನಜೀರನಿಗೆ: ಎರಡು ದಿನದ ಕೆಲಸ. ಕೂಲಿ ಕೊಟ್ಟರೂ ಮುಟ್ಟಲಿಲ್ಲ.

ನನಗೆ: ಬೂದುಬಣ್ಣದ ಗೋಡೆ, ಇನ್ನು ಹೇಳಲಾಗದ ಒಂದು ಕಥೆ.

ಪಟಾಲಮ್ಮನಿಗೆ: