ಪ್ರೊಫೆಸರ್ ಮೆಚ್ಚಿದ ಮೌನ

ಸಿಯೋಲ್, ಅಕ್ಟೋಬರ್ ೧೪, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊಕ್ಪೊದ ಕಡಲಗಾಳಿಗೆ ನಿಮ್ಮ ಮೊಣಕಾಲು ಹೇಗಿದೆ? ಅತ್ತೆಯ ಕೈಯ ಮೀನಿನ ಗಂಜಿ ಸೇರುತ್ತಿದೆಯೇ? ನಿಮ್ಮ ಡೋಲನ್ನು ಕಿಟಕಿಯಿಂದ ದೂರ ಸರಿಸಿದ್ದೇನೆ, ಚರ್ಮಕ್ಕೆ ಬಿಸಿಲು ತಾಗದಿರಲಿ ಎಂದು. ಮಗಳ ಜೊತೆ ಮಾತು ಬಿಟ್ಟು ಹೋದವರ ಡೋಲಿಗೂ ಇಷ್ಟು ಆರೈಕೆ, ನೋಡಿ!

"ಕಂಪ್ಯೂಟರ್ ಇರೋವಾಗ ಡೋಲು ಯಾಕೆ ಯಜಮಾನ್ರೆ, ಆರಾಮಾಗಿ ಮನೇಲಿರಿ" ಎಂದು ಪ್ರೊಫೆಸರ್ ಬೇ ನಿಮಗೆ ಹೇಳಿದ್ದು ನನ್ನನ್ನು ಕೇಳಿಕೊಂಡಲ್ಲ. ನೀವು ಬಸ್ಸು ಹತ್ತಿದ ಮೇಲೆಯೇ ನನಗೆ ತಿಳಿದದ್ದು. ಆತ ಸಂಗೀತೋತ್ಸವದ ನಿರ್ದೇಶಕನಂತೆ. ಗೊಮುಂಗೊ ವಾದ್ಯದ ಆರು ತಂತಿಗಳಲ್ಲಿ ದಪ್ಪನೆಯದು ಯಾವುದೆಂದು ಕೇಳಿದರೆ ಕನ್ನಡಕ ಒರೆಸುತ್ತಾನೆ, ಆದರೆ 'ಪರಂಪರೆಯ ನಾಳೆ' ಎಂದು ಗಂಟೆಗಟ್ಟಲೆ ಕೊರೆಯುತ್ತಾನೆ. ನನ್ನ ಕೃತಿಯಲ್ಲಿ ಗೊಮುಂಗೊ ನುಡಿಯಬೇಕು, ಕಂಪ್ಯೂಟರ್ ಆ ಮೀಟನ್ನು ಆಗಲೇ ಕೇಳಿಸಿಕೊಂಡು ಬೇರೆ ಬಣ್ಣದಲ್ಲಿ ಮರಳಿಸಬೇಕು, ನಡುವೆ ನೀವಿರಬೇಕು. ಬರೆದದ್ದು ಮೂವರಿಗೆ, ಅಪ್ಪಾ. ಒಬ್ಬರನ್ನು ಅಳಿಸಿದ್ದು ಆತ.

ನಿನ್ನೆಯ ತಾಲೀಮಿನ ಚಂದ ಕೇಳಿ. ನಿಮ್ಮ ಡೋಲಿನೆದುರೇ ಬೆಳೆದ ಓಕ್‌ರಿಮ್ ಅಕ್ಕ ಗೊಮುಂಗೊದಲ್ಲಿ ವಿಳಂಬದ ಕೊನೆಯ ಮೀಟು ಮುಗಿಸಿ, ಮೀಟುವ ಬಿದಿರು ಕಡ್ಡಿ ಎತ್ತಿ ಹಾಗೇ ಕುಳಿತಳು. "ಒಲ್ಸಿಗು!" ಎಂದು ನೀವು ಭೇಷ್ ಹೇಳದೆ ಅವಳ ಕೈ ಇಳಿಯದು, ಅದು ನೀವು ಕಲಿಸಿದ್ದು. ಅವಳು ಮೀಟದೆ ಯಂತ್ರ ಮುಂದೆ ಹೋಗದು, ಅದು ನಾನು ಕಲಿಸಿದ್ದು. ಇಬ್ಬರೂ ಕಾದರು. ಸಭಾಂಗಣದಲ್ಲಿ ಸೊಳ್ಳೆಯ ಸದ್ದೂ ಇಲ್ಲ.

ಆಗ ಪ್ರೊಫೆಸರ್ ಎದ್ದು ನಿಂತು ಚಪ್ಪಾಳೆ ತಟ್ಟಿದ! "ಆಹಾ, ಇದೇ ಶೂನ್ಯ! ಇದೇ ನಮ್ಮ ನೆಲದ ಮೌನ! ಇನ್ನೂ ಸ್ವಲ್ಪ ಉದ್ದ ಮಾಡಮ್ಮ." ಸಮಿತಿಯವರೆಲ್ಲ ಓತಿಕ್ಯಾತಗಳಂತೆ ತಲೆ ಆಡಿಸಿದರು. ಅಕ್ಕ ನನ್ನ ಕಿವಿಯಲ್ಲಿ, "ಕೈ ಜೋಮು ಹಿಡೀತು ಕಣೇ, ಶೂನ್ಯ ಅಂತೆ ಶೂನ್ಯ!" ಎಂದಳು. ಇದು ಮೌನವಲ್ಲ, ಕೆಟ್ಟು ನಿಂತ ಗಾಡಿ ಎಂದೆ ನಾನು. "ಕಲಾವಿದರಿಗೆ ತಮ್ಮ ಆಳ ತಮಗೇ ಗೊತ್ತಿರಲ್ಲ" ಎಂದು ಆತ ನಕ್ಕ. ಆ ಮೌನ ಉಳಿಸದಿದ್ದರೆ ಕೃತಿಯೇ ಉತ್ಸವದಿಂದ ಹೊರಗಂತೆ.

"ಕಾರ್ಮಿಕ ಸಂಘದ ಕರಪತ್ರ ಓದಿ ಓದಿ ತಲೆ ಕೆಟ್ಟಿದೆ ನಿಂಗೆ" ಎನ್ನುತ್ತಿದ್ದಿರಿ. ಇರಬಹುದು. ಆದರೆ ಯಂತ್ರ ಯಾರನ್ನೂ ಜಾಗದಿಂದ ಎಬ್ಬಿಸುವುದಿಲ್ಲ ಎಂಬುದನ್ನು ನಾನು ಅಲ್ಲೇ ಓದಿದ್ದು. ಎಬ್ಬಿಸುವವರು ಅದರ ಹಿಂದೆ ಅವಿತುಕೊಂಡಿರುತ್ತಾರೆ, ಸೂಟು ಹಾಕಿಕೊಂಡು.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ರಾತ್ರಿ ಮೊಣಕಾಲಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ.

ನಿಮ್ಮ ಮೊಂಡು ಮಗಳು,
ಸೊಹ

ಮರೆತೆ: ಶನಿವಾರ ಸಂಜೆಯ ಟಿಕೆಟ್ ಇದರೊಳಗಿದೆ, ಮೊದಲ ಸಾಲಿನ ತುದಿಯ ಕುರ್ಚಿ. ಅದರ ಕೆಳಗೆ ಯಂತ್ರಕ್ಕೆ ಸೇರಿದ ಇನ್ನೊಂದು ಮೈಕು ಕಟ್ಟಿದ್ದೇನೆ, ಅಕ್ಕನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಅವಳೂ ಯಂತ್ರವೂ ಪ್ರೊಫೆಸರರ ಇಷ್ಟದಂತೆಯೇ ಕಾಯುತ್ತಾರೆ, ನಿಮ್ಮ ಕೂಗು ಬೀಳುವವರೆಗೆ. ಕೂಗಿದರೆ ಇಬ್ಬರೂ ಒಟ್ಟಿಗೆ ಹೊರಡುತ್ತಾರೆ. ನೀವು ಬಾರದಿದ್ದರೆ ನನ್ನ ಕೃತಿ ಅಲ್ಲಿಗೇ ಮುಗಿಯಿತು. ಬನ್ನಿ ಅಪ್ಪಾ. ಡೋಲು ಬೇಡ ಎಂದಿದ್ದಾರೆ, ಬಾಯಿ ಬೇಡ ಎಂದು ಯಾರೂ ಹೇಳಿಲ್ಲ.