ಮೂರನೆಯ ರೆಕ್ಕೆ ತಿರುಗಿದ ಮೂಲೆ

ಉಗಾರ ಬುದ್ರುಕ
ತಾ. 22 ಜನವರಿ 2025

ಚಿ. ಸೌ. ಸೌಂದರ್ಯಾಳಿಗೆ,

ನೀನು ಬೇಡವೆಂದರೂ ನಿನ್ನ ಅಪ್ಪ ಬಾಬಾಸಾಹೇಬನ ಆಶೀರ್ವಾದ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯಂತೆ. ಪೋಸ್ಟಿನವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ, ಅದಕ್ಕೇ ಈ ಕಾಗದ. ತಡವಾಯಿತು, ಸಿಟ್ಟಾಗಬೇಡ. ಸಂಕ್ರಾಂತಿಗೇ ಕುಸುರೆಳ್ಳಿನ ಜೊತೆ ಬರೆಯಬೇಕಿತ್ತು. ಆದರೆ ಆ ವಾರ ನಮ್ಮ ಮನೆಯಲ್ಲಿ ಸಕ್ಕರೆ ಇತ್ತು, ಸಿಹಿ ಇರಲಿಲ್ಲ.

ಮೀರಜದ ಆಸ್ಪತ್ರೆಯಲ್ಲಿ ಮಲ್ಲೇಶನ ಪಕ್ಕದಲ್ಲಿ ನೀನು ನಿದ್ದೆಗೆಟ್ಟು ಕೂತಿರುವುದು ಗೊತ್ತು. ಬಲಗೈ ಉಳಿಯಲಿಲ್ಲ, ಮಣಿಕಟ್ಟಿನ ಮೇಲಕ್ಕೇ ತೆಗೆದರು ಎಂದು ಅವನ ಕೆಲಸದಾಳು ಲಖನ ಬಂದು ಹೇಳಿದ. "ಅಳಿಯ ಅಳಿಯದೆ ಉಳಿದನಲ್ಲ, ಸಾಕು" ಎಂದು ನನ್ನ ಬಾಯಿಂದ ಬಂತು. ಬಂದದ್ದೇ ತಡ, ನಿನ್ನ ಅವ್ವ ಬಿಸಿ ರೊಟ್ಟಿ ಹಂಚನ್ನೇ ಎತ್ತಿ ಎಸೆದಳು. ಅದು ನನ್ನ ಕಿವಿ ಪಕ್ಕದಲ್ಲಿ ಹಾದು ಗೋಡೆಯ ಗಿಲಾವು ಕಿತ್ತುಕೊಂಡು ಬಿತ್ತು. ಈ ವಯಸ್ಸಿನಲ್ಲೂ ಅವಳ ಗುರಿ ಅಷ್ಟೇನೂ ಕೆಟ್ಟಿಲ್ಲ.

ಅವಳ ಫೋನಿಗೆ ನೀನು ಕಳಿಸಿದ್ದನ್ನು ಅವಳು ನನಗೆ ಓದಲು ಕೊಟ್ಟಳು. "ಯಾರ ಹೊಡದ್ರೋ ಗದ್ದಲದಾಗ ಗೊತ್ತಾಗ್ಲಿಲ್ಲ ಅಂತ ನಿಮ್ಮ ಅಳಿಯಾ ಪೊಲೀಸರಿಗೆ ಹೇಳ್ಯಾರ. ನನ್ನ ತಮ್ಮನ್ನ ಉಳಸಾಕತ್ತಾರ. ಹತ್ತಿರ ನಿಂತು ನೋಡಿದವಾ ಅಪ್ಪ ಒಬ್ಬನ. ಅಂವಾ ಖರೇ ಹೇಳ್ಲಿಲ್ಲಂದ್ರ ನನಗ ತವರಮನಿ ಇಲ್ಲ." ಓದಿ ತಲೆ ಎತ್ತುವಷ್ಟರಲ್ಲಿ ನಿನ್ನ ಅವ್ವ ಗೌರಾಬಾಯಿ ಎದುರಿಗೇ ನಿಂತಿದ್ದಳು. "ಖರೇ ಹೇಳಿದ್ರ ನನಗ ಮಗಾ ಇಲ್ಲ. ಈಗ ಏನ್ ಮಾಡ್ತೀರಿ, ಮಾಡ್ರಿ" ಅಂದಳು.

ಆ ದಿನ ನೀನು ನಿಪ್ಪಾಣಿಯಲ್ಲಿದ್ದೆ. ಒಬ್ಬೊಬ್ಬರಿಂದ ಒಂದೊಂದು ಚೂರು ಕೇಳಿದ್ದೀಯ. ಮೊದಲಿನಿಂದ ಹೇಳುತ್ತೇನೆ, ಕೇಳು.

ನಿನ್ನ ಗಂಡ ಗಾಳಿಯಂತ್ರದ ರೆಕ್ಕೆ ಸಾಗಿಸುವ ಕೆಲಸ ಹಿಡಿದಿದ್ದನಲ್ಲ, ಆ ರೆಕ್ಕೆ ಗುಜರಾತದಿಂದ ಹೊರಟು ಕಾಗವಾಡ ದಾಟಿ ಅಥಣಿಯ ಆಚೆಯ ಗುಡ್ಡ ಸೇರಬೇಕು. ಒಂದು ರೆಕ್ಕೆ ನಮ್ಮ ಓಣಿಗಿಂತ ಉದ್ದ. ಟ್ರಕ್ಕನ್ನು ಡ್ರೈವರು ಓಡಿಸಿದರೆ ಹಿಂದಿನ ಚಕ್ರಗಳನ್ನು ತಿರುಗಿಸುವವನು ಇನ್ನೊಬ್ಬ, ರಿಮೋಟು ಹಿಡಿದು ಪಕ್ಕದಲ್ಲೇ ನಡೆಯುತ್ತಾನೆ. ಎಲ್ಲರಿಗಿಂತ ಮುಂದೆ ಲಖನ ಉದ್ದನೆಯ ಬಿದಿರಿನ ಗಳದಿಂದ ಕರೆಂಟಿನ ತಂತಿ ಎತ್ತಿ ಹಿಡಿಯಬೇಕು. ಅಷ್ಟು ಹೊತ್ತು ಲೈನ್‌ಮನ್ ಕರೆಂಟು ತೆಗೆದಿರುತ್ತಾನೆ. ಕೊಟ್ಟ ಹೊತ್ತು ಮೀರಿದರೆ ತಂತಿಗೆ ಜೀವ ಬರುತ್ತದೆ, ಗಳ ಹಿಡಿದವನ ಜೀವ ಹೋಗುತ್ತದೆ.

ಎರಡು ರೆಕ್ಕೆಗಳು ಆಗಲೇ ಗುಡ್ಡ ಸೇರಿದ್ದವು. ಮೂರನೆಯದು ಬಾರದೆ ಯಂತ್ರ ತಿರುಗುವ ಹಾಗಿಲ್ಲ. ಭಾರೀ ಕ್ರೇನು ಗುಡ್ಡದ ಮೇಲೆ ಕಾಯುತ್ತಾ ನಿಂತಿತ್ತು. ನಮ್ಮ ದ್ರಾಕ್ಷಿ ತೋಟದ ಮೂಲೆಯಲ್ಲಿ ರಸ್ತೆ ಮೊಣಕೈಯ ಹಾಗೆ ಬಾಗಿದೆಯಲ್ಲ, ಅಲ್ಲಿ ಟ್ರಕ್ಕು ಎಡಕ್ಕೆ ಹೊರಳಿದರೆ ರೆಕ್ಕೆಯ ಬಾಲ ಬಲಕ್ಕೆ ಬೀಸಿ ನಮ್ಮ ಚಪ್ಪರದ ಮೇಲೆ ಹಾದು ಹೋಗುತ್ತದೆ. ಹಾಯಿಸಬಹುದಾ ಎಂದು ಮಲ್ಲೇಶ ಕೇಳಿದ. ಹೂಂ ಅಂದೆ. ಹೊಲ ನನ್ನ ಹೆಸರಿನಲ್ಲಿದೆ, ಹೂಂ ಅನ್ನುವ ಬಾಯಿಯೂ ನನ್ನದೇ.

ಆ ಹೂಂ ನಿನ್ನ ತಮ್ಮ ಸಂಗ್ರಾಮನಿಗೆ ಹುಣ್ಣಾಯಿತು. ದಾರಿ ಬಿಡಿಸುವ ಕೆಲಸ ತನಗೆ ಸಿಗಬೇಕಿತ್ತು ಎಂದು ಅವನ ಉರಿ. "ಮಗಾ ಮನ್ಯಾಗ ಕುಂತಾನ, ಅಕ್ಕನ ಗಂಡ ಅಂತ ನಿಪ್ಪಾಣಿ ದಾಜಿಗೆ ದಾರಿ ಕೊಟ್ಟಿ. ನಮ್ಮ ಹದ್ದಿನ್ಯಾಗ ನನ್ನ ಕೇಳದ ಒಂದು ಇಲಿನೂ ದಾಟೂದಿಲ್ಲ" ಅಂದ. "ಇಲಿಗಿಂತ ಸ್ವಲ್ಪ ಉದ್ದ ಐತೋ ಇದು, ದಾಟೂಮುಂದ ಕಾಣಸ್ತೈತಿ ತಗೋ" ಅಂದೆ. ಅವನು ನಗಲಿಲ್ಲ. ಸಂಗ್ರಾಮ ಎಂದು ಹೆಸರಿಟ್ಟವನು ನಾನೇ ತಾನೆ, ಶಾಂತಾರಾಮ ಎಂದಿಟ್ಟಿದ್ದರೆ ಬೇರೆಯಾಗುತ್ತಿತ್ತೋ ಏನೋ.

ಮರುದಿನ ಬೆಳಿಗ್ಗೆ ರೆಕ್ಕೆ ಊರ ಹೊರಗೆ ಬಂದು ನಿಂತಿತು. ಸಂಗ್ರಾಮ ತನ್ನ ಹುಡುಗರನ್ನು ಕಟ್ಟಿಕೊಂಡು ಹೋಗಿ ಲಖನನನ್ನು ಹಿಡಿದ. ಅವನ ಗಳವನ್ನೇ ಕಸಿದು ಅವನ ಬೆನ್ನಿನ ಮೇಲೆ ಮುರಿದರು. ಮುರಿದ ತುಂಡಿನಿಂದ ಬಾಯಿಗೆ ಹೊಡೆದರು. ಅವನು ಮಂಡಿಯೂರಿ ಹಲ್ಲು ಉಗುಳಿದ. ಏನೋ ಹೇಳಲು ಹೋದರೆ ಮಾತಿನ ಬದಲು ಕೆಂಪು ಗುಳ್ಳೆ ಬಂತು. "ಹೋಗ್, ತಂತಿ ಎತ್ತವ್ರು ಈ ಊರಾಗ ಯಾರೂ ಉಳದಿಲ್ಲಂತ ನಿಮ್ಮ ಮಾಲಕಗ ಹೇಳ್ ಹೋಗಲೇ" ಎಂದು ಸಂಗ್ರಾಮ ಅವನ ಎದೆಗೆ ಒದ್ದ.

ಆಮೇಲೆ ಆ ಮೂಲೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ಅಡ್ಡ ನಿಲ್ಲಿಸಿದ. ಡ್ರೈವರುಗಳೆಲ್ಲ ಅವನ ಗೆಳೆಯರು. ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿಗಾಗಿ ದಿನಗಟ್ಟಲೆ ನಿಲ್ಲುವವರು ಅವರು, ಇಲ್ಲಿ ನಿಂತರೂ ಒಂದೇ ಎಂದು ಟ್ರಾಲಿಯ ನೆರಳಲ್ಲಿ ಇಸ್ಪೀಟು ಹಾಕಿ ಕೂತರು.

ಮಲ್ಲೇಶ ನನ್ನ ಬಳಿ ಬಂದ. ಅಂಗಿಯ ತುಂಬ ಲಖನನ ರಕ್ತ. "ಮಾವಾರ, ಪೊಲೀಸರಿಗೆ ಫೋನ್ ಮಾಡಿದ್ರ ಸಂಗ್ರಾಮ ಒಳಗ ಹೋಗ್ತಾನ. ನಿಮ್ಮ ಮಗಳ ಮುಂದ ಯಾವ ಮಾರಿ ತಗೊಂಡು ನಿಂದರ್ಲಿ? ಇತ್ತ ನೋಡಿದ್ರ ಮಧ್ಯಾಹ್ನಕ್ಕ ಕರೆಂಟ್ ಬರ್ತೈತಿ."

"ಪೊಲೀಸ್ ಬ್ಯಾಡೋ ಮಾರಾಯಾ, ನಾ ಅದೀನಲ್ಲ" ಅಂದೆ.

ನಾನು ಇದ್ದೇನೆ ಎಂದರೆ ಏನು ಎಂಬುದು ನಿನಗೆ ಗೊತ್ತು. ಲಖನನ ಫೋನು ಇಸಿದುಕೊಂಡು, ಮೂಗಿಗೆ ಟವೆಲು ಒತ್ತಿ, ಕಾರ್ಖಾನೆಯಿಂದ ಕಬ್ಬಿನ ಚೀಟಿ ಹಂಚುವವನ ದನಿಯಲ್ಲಿ ಒಬ್ಬ ಡ್ರೈವರನಿಗೆ ಹೇಳಿದೆ: "ಏ, ಯಾರ್ಡ್ ಪೂರಾ ಖಾಲಿ ಆಗೇತಿ. ಮಿಲ್ಲಿಗೆ ಕಬ್ಬ ಸಾಲವಲ್ದು. ಈಗಿಂದೀಗ ಬಂದವ್ರಿಗೆ ಪಾಳಿ ಇಲ್ಲ, ಸೀದಾ ತೂಕ. ಯಾರಿಗೂ ಹೇಳಬ್ಯಾಡ್ ಮತ್ತ." ಯಾರಿಗೂ ಹೇಳಬೇಡ ಎಂದದ್ದಕ್ಕೆ ಎಲ್ಲರಿಗೂ ತಲುಪಿತು. ಇಸ್ಪೀಟು ಹಾರಿ ಹೋಯಿತು. ಒಬ್ಬನನ್ನೊಬ್ಬ ಹಿಂದೆ ಹಾಕುವ ಭರದಲ್ಲಿ, ರಸ್ತೆ ತುಂಬ ಕಬ್ಬು ಚೆಲ್ಲುತ್ತಾ, ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ಓಡಿದವು. ಸಂಗ್ರಾಮ ಆಗ ಊಟಕ್ಕೆಂದು ಮನೆಗೆ ಹೋಗಿದ್ದ. ಗಾಳಿಯಿಂದ ಕರೆಂಟು ಮಾಡುವ ಸಾಮಾನಿಗೆ ಗಾಳಿಸುದ್ದಿಯಿಂದಲೇ ದಾರಿಯಾಯಿತು ನೋಡು! ಬಿದ್ದು ಬಿದ್ದು ನಕ್ಕೆ. ಮಲ್ಲೇಶನೂ ನಕ್ಕ. ಅವನು ನಗುವುದನ್ನು ಅವತ್ತೇ ಕೊನೆಗೆ ನೋಡಿದ್ದು.

ಲಖನ ಏಳುವ ಸ್ಥಿತಿಯಲ್ಲಿರಲಿಲ್ಲ. ಹೊಸ ಗಳ ನಾನೇ ಹಿಡಿದೆ. ಟ್ರಕ್ಕು ಹೊರಳಿತು. ರೆಕ್ಕೆಯ ಬಾಲ ದ್ರಾಕ್ಷಿಯ ಮೇಲೆ ನೆರಳು ಎಳೆಯುತ್ತಾ ಮೆಲ್ಲಗೆ ಬೀಸಿತು, ಒಂದು ಗೊಂಚಲೂ ಅಲುಗಲಿಲ್ಲ. ಅರ್ಧ ತಿರುವಿನಲ್ಲಿ ಮೊದಲ ಕಲ್ಲು ಬಂತು.

ಯಾರ್ಡು ತುಂಬಿ ತುಳುಕುತ್ತಿದೆ, ಫೋನು ಸುಳ್ಳು ಎಂದು ಡ್ರೈವರುಗಳು ಸಂಗ್ರಾಮನಿಗೆ ತಿಳಿಸಿದ್ದರು. ಅವನೂ ಹುಡುಗರೂ ಬೈಕಿನಲ್ಲಿ ಬಂದರು. ಟ್ರಕ್ಕಿನ ಮುಂದಿನ ಗಾಜು ಒಡೆದು ಡ್ರೈವರನ ಹಣೆ ಸೀಳಿತು. ಅವನು ಕುರುಡನಂತೆ ರಕ್ತ ಒರೆಸಿಕೊಳ್ಳುತ್ತಾ ಕೆಳಗಿಳಿದರೆ ಕೂದಲು ಹಿಡಿದು ಚಕ್ರಕ್ಕೆ ತಲೆ ಜಜ್ಜಿದರು. ರಿಮೋಟಿನವನನ್ನು ಕೆಡವಿ, ಅವನ ಬೆರಳು ರಿಮೋಟು ಬಿಡುವ ತನಕ ಬೂಟುಗಾಲಲ್ಲಿ ತುಳಿದರು. ಮೂಳೆ ಮುರಿದ ಸದ್ದು ನನ್ನ ತನಕ ಕೇಳಿಸಿತು. ಉಳಿದ ಕೂಲಿಗಳು ಕಬ್ಬಿನೊಳಗೆ ನುಗ್ಗಿ ಓಡಿದರು. ಹುಡುಗರು ಅವರ ಬೆನ್ನು ಹತ್ತಿದರು. ಪೆಟ್ಟು ತಿಂದ ಇಬ್ಬರೂ ಟ್ರಕ್ಕಿನ ಆಚೆ ಮಗ್ಗುಲಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು; ಆ ಧೂಳಿನಲ್ಲಿ ಮೂಲೆಯಲ್ಲಿ ನಿಂತವರು ನಾವು ಮೂವರೇ: ಗಳ ಹಿಡಿದ ನಾನು, ಮಲ್ಲೇಶ, ಸಂಗ್ರಾಮ. ಅವನ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

"ಈ ಫೋನ್ ಯಾರ ಕೆಲಸ ಅಂತ ನನಗ ಗೊತ್ತಿಲ್ಲೇನ? ಇಡೀ ಊರು ನನ್ನ ನೋಡಿ ಹಲ್ ಕಿಸ್ಯಾಕತ್ತೈತಿ!"

"ಕೊಯ್ತಾ ಕೆಳಗ ಇಡ್ ಸಂಗ್ರಾಮ, ಕುಂತ ಮಾತಾಡೂಣು" ಅಂದ ಮಲ್ಲೇಶ.

ಆಮೇಲಿನದು ನಿನಗೆ ಗೊತ್ತು. ಕೈ ತೊಗಲಿನ ಮೇಲೆ ಜೋತಾಡುತ್ತಿತ್ತು. ರಕ್ತ ಚಿಮ್ಮಿ ರೆಕ್ಕೆಯ ಬಿಳಿ ಮೈಗೆ ಸಿಡಿಯಿತು. ನಾನು ರುಮಾಲು ಬಿಚ್ಚಿ ಅವನ ಮೊಣಕೈಯ ಕೆಳಗೆ ಬಿಗಿದು, ಹಲ್ಲಿನಿಂದ ಗಂಟು ಎಳೆದೆ. "ಮಾವಾರ, ತಂತಿ... ತಂತಿ ನೋಡ್ಕೋರಿ" ಅನ್ನುತ್ತಿದ್ದ. ಸಂಜೆ ಪೊಲೀಸರ ಕಾವಲಿನಲ್ಲಿ ರೆಕ್ಕೆ ಹೋಯಿತು. ಒರೆಸಲು ಯಾರಿಗೂ ಪುರುಸೊತ್ತಿರಲಿಲ್ಲ. ಹಾಗೇ ಗುಡ್ಡ ಹತ್ತಿ, ಹಾಗೇ ತಿರುಗುತ್ತಿದೆಯಂತೆ.

ಸಂಗ್ರಾಮ ಚಿಂಚಲಿಯಲ್ಲಿ ನಿನ್ನ ಸೋದರತ್ತೆಯ ಮನೆಯಲ್ಲಿ ಸಿಕ್ಕಿಬಿದ್ದ. ಸಿಕ್ಕರೇನು, ಹೇಳುವವರೇ ಇಲ್ಲ. "ಧೂಳಿನ್ಯಾಗ ಏನೂ ಕಾಣ್ಲಿಲ್ರಿ" ಎಂದು ಊರೆಲ್ಲ ಹೇಳಿತು. ಊರಿನ ಕಣ್ಣಿಗೆ ಅಷ್ಟು ಧೂಳು ಬಿದ್ದದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಇವತ್ತು ಬೆಳಿಗ್ಗೆ ನಾನು ಪೊಲೀಸ್ ಸ್ಟೇಶನ್ನಿಗೆ ಹೋದೆ. ಫೌಜದಾರರು ನನ್ನ ಕೀರ್ತಿ ಕೇಳಿದವರು. "ಅಜ್ಜಾರ, ಇದೂ ನಿಮ್ಮ ಚ್ಯಾಷ್ಟಿ ಅಲ್ಲ ಹೌದಲ್ರಿ?" ಅಂದರು. "ಇವತ್ತೊಂದು ದಿನ ಅಲ್ರಿ" ಅಂದೆ. ಖರೇ ಹೇಳಿದೆ ಮಗಳೇ. ಪೂರ್ತಿ ಹೇಳಿದೆ. ಬರೆದುಕೊಳ್ಳುತ್ತಿದ್ದವನ ಪೆನ್ನು ಒಂದು ಕಡೆ ನಿಂತಿತು. "ಬರಕೋರಿ, ಅದನ್ನೂ ಬರಕೋರಿ" ಅಂದೆ. ಸಹಿ ಹಾಕಿ ಬಂದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನಿನ್ನ ಅವ್ವ ಎರಡೂ ಕೈಯಿಂದ ನನ್ನ ಎದೆಗೆ ಗುದ್ದಿದಳು, ದಣಿಯುವ ತನಕ ಗುದ್ದಿದಳು. "ಹೊಟ್ಟ್ಯಾಗಿನ ಮಗನ್ನ ತಿಂದ್ಯಲ್ಲೋ ಮುದಕಾ" ಅಂದಳು. ಮದುವೆಯಾದ ಮೇಲೆ ಅವಳು ನನಗೆ ರೀ ಹಚ್ಚದೆ ಮಾತಾಡಿದ್ದು ಇದೇ ಮೊದಲು. ನನ್ನ ಹಾಸಿಗೆ ಈಗ ಪಡಸಾಲೆಗೆ ಬಂದಿದೆ. ಗಾಳಿ ಚೆನ್ನಾಗಿ ಬರುತ್ತದೆ.

ನೀನು ಕೇಳಿದ್ದು ಆಯಿತು. ಇನ್ನು ತವರಿಗೆ ಬಾ. ಅವ್ವ ಮಾರಿ ತಿರುವಿದರೂ ಬಾ. ಮಲ್ಲೇಶ ಎಡಗೈಯಲ್ಲಿ ಉಣ್ಣಲು ಕಲಿಯುವಾಗ ಅನ್ನ ಚೆಲ್ಲಿದರೆ ಗದರಬೇಡ. ಲಖನನಿಗೆ ಹಲ್ಲು ಕಟ್ಟಿಸುವ ಜವಾಬ್ದಾರಿ ನನ್ನದು ಎಂದು ಅವನಿಗೆ ಹೇಳು. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ಮನೆ ನಗುತ್ತಿರಲಿ, ನನ್ನ ಆಯಸ್ಸಿನಲ್ಲಿ ಉಳಿದಿರುವುದೆಲ್ಲ ಮಲ್ಲೇಶನಿಗೆ ಹೋಗಲಿ.

ನಿನ್ನ ಅಪ್ಪ,
ಬಾಬಾಸಾಹೇಬ

ತಾ.ಕ.: ಮಲ್ಲೇಶ ನಿನಗೂ ಹೇಳಿಲ್ಲ ಎಂದು ಲಖನನಿಂದ ತಿಳಿಯಿತು. ಕೋರ್ಟಿನಲ್ಲಿ ಪರರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಸಂಗ್ರಾಮ ಕೊಯ್ತಾ ಎತ್ತಿದ್ದು ನಿನ್ನ ಗಂಡನ ಮೇಲೆ ಅಲ್ಲ. ನನ್ನ ಕುತ್ತಿಗೆಗೆ. ನನ್ನ ಎರಡೂ ಕೈ ಗಳದ ಮೇಲಿದ್ದವು. ಮಲ್ಲೇಶ ನಡುವೆ ಕೈ ಒಡ್ಡಿದ. ಕೈ ಎಂಬ ಮಾತಿನ ಮೇಲೆ ನಾನು ಇಷ್ಟು ವರ್ಷ ಎಷ್ಟೊಂದು ಚೇಷ್ಟೆ ಮಾಡಿದ್ದೇನೆ, ಇವತ್ತು ಒಂದೂ ಬಾಯಿಗೆ ಬರುತ್ತಿಲ್ಲ.

ಅವ್ವನಿಗೆ ಈಗಲೇ ಹೇಳಬೇಡ. ಮಗನನ್ನು ಹಿಡಿದುಕೊಟ್ಟ ಗಂಡನನ್ನು ಬೈದುಕೊಂಡು ಅವಳು ಹೇಗೋ ಎರಡು ತುತ್ತು ಉಣ್ಣುತ್ತಾಳೆ. ಇದು ತಿಳಿದರೆ ಅದೂ ನಿಲ್ಲುತ್ತದೆ.

ಸಿಟ್ಟಿನಲ್ಲಿ ಎದುರಿಗೆ ಯಾರಿದ್ದಾರೆ ಎಂದು ಸಂಗ್ರಾಮನಿಗೆ ಕಾಣಲಿಲ್ಲ ಎಂದು ನಂಬಲು ನಾನು ಬಹಳ ಒದ್ದಾಡಿದೆ ಮಗಳೇ. ಆದರೆ ನಾನು ತಂತಿಯ ಕಡೆ ಮೇಲೆ ನೋಡುತ್ತಿದ್ದಾಗ, ಕೊಯ್ತಾ ಎತ್ತುವ ಮೊದಲು ಅವನು "ಅಪ್ಪಾ" ಎಂದು ಕರೆದ. ಏನಪ್ಪಾ ಎಂದು ನಾನು ತಿರುಗಿದೆ.