ಐದು ಜುಟ್ಟಿನ ಮರಗಳ ಸಾಕ್ಷ್ಯ ಕುರಿತು

ಮಾನ್ಯ ನದಿನೀರು ಹಂಚಿಕೆ ಅಧಿಕಾರಿಗಳೇ,

ನಮ್ಮೂರಿನ ಎದುರಿಗಿರುವ ದ್ವೀಪದ ಐದು ಸ್ಪ್ರೂಸ್ ಮರಗಳ ಮಾತು ನಂಬಿ ನೀವು ನಮ್ಮ ನದಿಯ ಚಳಿಗಾಲದ ನೀರನ್ನು ಮೇಲಿನ ಗಣಿಗೆ ಕೊಡಲು ಹೊರಟಿದ್ದೀರಿ. ಆ ಐದೂ ಮರಗಳನ್ನು ನಾನು ಬಲ್ಲೆ. ನೀವು ಹುಟ್ಟುವುದಕ್ಕೂ ಮೊದಲಿನಿಂದ ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಹೀಗಾಗಿ ಅವುಗಳ ಬಗ್ಗೆ ನಿಮ್ಮ ಇಡೀ ಕಚೇರಿಗಿಂತ ಹೆಚ್ಚು ಯೋಚಿಸಿದವಳು ನಾನು ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನಿಮ್ಮ ವರದಿಯನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದಾರೆ. ಎರಡು ಸಲ ಓದಿದೆ. ನೀರು ಚೆನ್ನಾಗಿದ್ದ ವರ್ಷ ಮರ ಅಗಲವಾದ ಉಂಗುರ ಬೆಳೆಸುತ್ತದೆ, ನೀರಿಲ್ಲದ ವರ್ಷ ಸಣ್ಣ ಉಂಗುರ ಬೆಳೆಸುತ್ತದೆ, ಇಷ್ಟನ್ನು ನಾನು ಒಪ್ಪುತ್ತೇನೆ. ಆ ಐದು ಮರಗಳಲ್ಲಿ 1958ರಿಂದ 1965ರವರೆಗಿನ ಎಂಟು ಉಂಗುರಗಳು ಕೂದಲೆಳೆಯಷ್ಟು ಸಣ್ಣವಂತೆ. ಆದ್ದರಿಂದ ಆ ಎಂಟು ವರ್ಷ ನದಿಯಲ್ಲಿ ಅರ್ಧ ನೀರೇ ಇತ್ತಂತೆ. ಆಗಲೂ ಮೀನು ಸಾಯಲಿಲ್ಲ, ಜನ ಊರು ಬಿಡಲಿಲ್ಲ, ಆದ್ದರಿಂದ ನದಿಯನ್ನು ಈಗ ಆ ಮಟ್ಟಕ್ಕೆ ಇಳಿಸಿದರೆ ಯಾರಿಗೂ ಹಾನಿಯಿಲ್ಲವಂತೆ. ಒಬ್ಬ ಮನುಷ್ಯ ಯಾವಾಗಲೋ ಎಂಟು ದಿನ ಉಪವಾಸವಿದ್ದು ಬದುಕಿಕೊಂಡ ಎಂದು ತಿಳಿದರೆ, ಇನ್ನು ಮುಂದೆ ಅವನಿಗೆ ಊಟವೇ ಬೇಡ ಎಂದು ನೀವು ಆದೇಶ ಹೊರಡಿಸುತ್ತೀರಾ?

ಮರದ ಮಾತನ್ನೇ ಕೇಳುವುದಾದರೆ ಒಂದು ಸಣ್ಣ ಸಂಗತಿ ನೆನಪಿಡಿ. ಕೆನಡಾದ ಉತ್ತರದ ಈ ಮೂಲೆಯಲ್ಲಿ ಮರ ಸೆಪ್ಟೆಂಬರಿನಲ್ಲಿ ಮಲಗಿದರೆ ಏಳುವುದು ಮೇ ತಿಂಗಳ ಕೊನೆಗೆ. ಬಿಳಿಮೀನು ಅಕ್ಟೋಬರಿನಲ್ಲಿ ದ್ವೀಪದ ಕೆಳಗಿನ ಜಲ್ಲಿಕಲ್ಲಿನ ಮೇಲೆ ಮೊಟ್ಟೆಯಿಡುತ್ತದೆ. ಚಳಿಗಾಲವೆಲ್ಲ ಆ ಮೊಟ್ಟೆಗಳ ಮೇಲೆ ನೀರು, ನೀರಿನ ಮೇಲೆ ಹಿಮಗಡ್ಡೆ. ನೀರು ಇಳಿದರೆ ಗಡ್ಡೆ ಕೆಳಗೆ ಕುಸಿದು ಜಲ್ಲಿಯ ಮೇಲೆ ಕೂರುತ್ತದೆ. ಮೊಟ್ಟೆ ಕಲ್ಲಾಗುತ್ತದೆ. ಮೂವತ್ತೊಂದು ಮನೆಗಳು ಗಡ್ಡೆಯ ಕೆಳಗೆ ಬಲೆ ಹಾಕುವುದು ಅಲ್ಲೇ. ನನ್ನ ಮೊಮ್ಮಗಳ ಬಲೆಯೂ ಅಲ್ಲೇ ಇದೆ. ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಕಳ್ಳತನದ ಸಾಕ್ಷಿ ಕೇಳುವ ಪದ್ಧತಿ ನಿಮ್ಮ ಕಚೇರಿಯಲ್ಲಲ್ಲದೆ ಬೇರೆಲ್ಲಾದರೂ ಇದೆಯೇ?

1958ರ ಜನವರಿಯಲ್ಲಿ ನನ್ನ ಮದುವೆಯಾಯಿತು. ನೀವು ಬರಗಾಲವೆಂದು ಬರೆದ ಎಂಟೂ ವರ್ಷ ನಾನು ಈ ದಡದಲ್ಲೇ ಇದ್ದೆ, ಎಚ್ಚರವಾಗಿಯೇ ಇದ್ದೆ. 1960ರ ವಸಂತದಲ್ಲಿ ಹಿಮಗಡ್ಡೆ ಒಡೆದು ನದಿಯ ತಿರುವಿನಲ್ಲಿ ಸಿಕ್ಕಿಕೊಂಡು ನೀರು ಚರ್ಚಿನ ಕಿಟಕಿಯವರೆಗೆ ಏರಿತ್ತು. ನಾವು ಅಂಗಡಿಯ ಅಟ್ಟದ ಮೇಲೆ ಹಿಟ್ಟಿನ ಮೂಟೆಗಳ ನಡುವೆ ಕೂತಿದ್ದೆವು. ಹೆರಿಗೆ ಮಾಡಿಸುವ ಒಕ್ಟಾವಿ ಅಜ್ಜಿ ದೋಣಿಯಲ್ಲಿ ಬಂದು ಅಟ್ಟದ ಕಿಂಡಿಯಿಂದ ತಲೆ ಹಾಕಿ, "ಏನ್ ಹುಡುಗಿ, ನೀರು ಇಳಿಯೋವರೆಗೂ ತಡ್ಕೊಳ್ಳೋಕೆ ಆಗಲಿಲ್ವಾ ನಿಂಗೆ?" ಎಂದು ಬೈದೇ ನನ್ನ ಹಿರಿಮಗಳನ್ನು ಹಿಡಿದುಕೊಂಡಳು. ಅದು ಒಂದೇ ವರ್ಷದ ಗಡ್ಡೆಯ ಆಟ ಎನ್ನಬಹುದು ನೀವು. ಹಾಗಾದರೆ ಆ ಎಂಟು ವರ್ಷಗಳಲ್ಲಿ ಮೀನು ಒಣಗಿಸುವ ಅಟ್ಟಣೆಯನ್ನು ನಾವು ಎರಡು ಸಲ ಕಿತ್ತು ದಡದ ಇನ್ನೂ ಎತ್ತರಕ್ಕೆ ಹಾಕಿದ್ದು ಯಾಕೆ? ನೀರಿಲ್ಲ ಎಂದೇ? ಇದನ್ನೆಲ್ಲ ನನ್ನನ್ನು ಯಾರೂ ಕೇಳಲಿಲ್ಲ. ಮರಗಳನ್ನು ಕೇಳಿದಿರಿ. ಪೆನ್ಸಿಲಿನಷ್ಟು ಸಣ್ಣ ಕಡ್ಡಿ ತೆಗೆದು, ಕಾಗದದ ಕೊಳವೆಯಲ್ಲಿಟ್ಟು, ಉಜ್ಜಿ ನುಣುಪು ಮಾಡಿ, ಭೂತಗನ್ನಡಿಯ ಕೆಳಗಿಟ್ಟು ನೋಡಿದಿರಿ. ನನ್ನನ್ನು ಅಷ್ಟು ಹತ್ತಿರದಿಂದ ನನ್ನ ಗಂಡನೂ ನೋಡಲಿಲ್ಲ.

ಇನ್ನು ಆ ಸಣ್ಣ ಉಂಗುರಗಳ ವಿಷಯ.

ನಮ್ಮ ಮೆಟಿಸ್ ಜನರಲ್ಲಿ ಒಬ್ಬರಿಗೆ ಗೌರವ ತೋರಿಸಬೇಕೆಂದರೆ ನದಿಯಿಂದ ಕಾಣುವ ಎತ್ತರದ ಸ್ಪ್ರೂಸ್ ಹತ್ತಿ, ತುದಿಯ ಜುಟ್ಟು ಬಿಟ್ಟು ನಡುವಿನ ಕೊಂಬೆಗಳನ್ನೆಲ್ಲ ಕಡಿಯುತ್ತಾರೆ. ದೋಣಿಯಲ್ಲಿ ಹೋಗುವವರು ದೂರದಿಂದಲೇ ಮರ ನೋಡಿ ಆ ಮನುಷ್ಯರ ಹೆಸರು ಹೇಳುತ್ತಾರೆ. 1957ರ ಜೂನಿನಲ್ಲಿ ವಿಲ್‌ಬ್ರನ್ ಮನೆಯ ಐದು ಜನ ಅಣ್ಣತಮ್ಮಂದಿರು ಸಾಮಾನಿನ ದೋಣಿ ತರುವಾಗ ನದಿಯ ಮೇಲ್ಭಾಗದ ಬಂಡೆಗೆ ಬಡಿದು ನೀರಿಗೆ ಬಿದ್ದರು. ಕ್ಲೆಮೆನ್ಸ್ ಲೆಪೀನ್ ಎಂಬವಳು ಒಬ್ಬಳೇ ಸಣ್ಣ ದೋಣಿಯಲ್ಲಿ ಹಗ್ಗ ಒಯ್ದು ಐದೂ ಜನರಿಗೆ ಮುಟ್ಟಿಸಿದಳು. ಎಂಥ ಹುಟ್ಟು ಹಾಕಿದಳೆಂದು ಈಗಲೂ ಜನ ಹೇಳುತ್ತಾರೆ. ಹೇಳಬೇಕಾದ್ದೇ. ಆ ಹಗ್ಗದ ಇನ್ನೊಂದು ತುದಿಯನ್ನು ದಡದಲ್ಲಿ ಬರ್ಚ್ ಮರಕ್ಕೆ ಸುತ್ತಿ ಹಿಡಿದವಳು ನಾನು. ಅಂಗೈಯ ಚರ್ಮ ಪೂರ್ತಿ ಕಿತ್ತು ಹೋಗಿತ್ತು. ಅದನ್ನು ಯಾರೂ ಹೇಳುವುದಿಲ್ಲ.

ಒಬ್ಬರಿಗೆ ಒಂದೇ ಮರ ನಮ್ಮ ಪದ್ಧತಿ. ಆದರೆ ಐದು ಜೀವ ಉಳಿದಿದೆ, ಒಂದು ಮರ ಸಾಲದು ಎಂದು ಅಣ್ಣತಮ್ಮಂದಿರು ತಮ್ಮತಮ್ಮಲ್ಲೇ ಜಗಳವಾಡಿ ಐದು ಮರ ಹತ್ತಿದರು. ಎಲ್ಲಕ್ಕಿಂತ ಎತ್ತರದ್ದನ್ನು ಹತ್ತಿದವನು ನಾರ್ಸಿಸ್. ಅಷ್ಟು ಹೊತ್ತಿಗಾಗಲೇ ನನ್ನನ್ನು ಮದುವೆಯಾಗುತ್ತೇನೆಂದು ಪಾದ್ರಿಗೆ ಹೇಳಿ ಬಂದಿದ್ದವನು.

ಅವನು ಇಳಿದ ಮೇಲೆ ಕೇಳಿದೆ. "ಹಗ್ಗದ ಈ ತುದಿ ಹಿಡಿದಿದ್ದವಳು ಯಾರು ಮಾರಾಯ?"

"ನೀನೇ ಕಣೆ."

"ಮತ್ತೆ ನನಗೆ ಮರ?"

"ನೀನು ಮನೆಯವಳು. ಮನೆಯವರಿಗೆ ಯಾರಾದ್ರೂ ಮರ ಕಡೀತಾರಾ?"

ಅವನ ಜೊತೆ ಐವತ್ತೊಂದು ವರ್ಷ ಬಾಳಿದೆ. ಆ ದ್ವೀಪದ ಪಕ್ಕ ಹೋದಾಗಲೆಲ್ಲ ಅವನು ಟೋಪಿ ಎತ್ತುತ್ತಿದ್ದ. ನಾನು ಆಚೆ ದಡ ನೋಡುತ್ತಿದ್ದೆ.

ಅಧಿಕಾರಿಗಳೇ, ಸ್ಪ್ರೂಸ್ ಮರ ಉಣ್ಣುವುದು ಸೂಜಿಯಂಥ ತನ್ನ ಹಸಿರು ಎಲೆಗಳಿಂದ. ನಡುವಿನ ಕೊಂಬೆಯೆಲ್ಲ ಹೋದರೆ ಅದರ ತಟ್ಟೆಯೇ ಹೋದ ಹಾಗೆ. ಮತ್ತೆ ಚೇತರಿಸಿಕೊಳ್ಳಲು ಎಂಟು ವರ್ಷ ಹಿಡಿಯಿತು. ನೀವು ಓದಿದ್ದು ನದಿಯ ಬರವನ್ನಲ್ಲ, ನನ್ನ ಗಂಡನ ಕೊಡಲಿಯನ್ನು. ಅದೇ ದ್ವೀಪದ ಇನ್ನೂ ಆರು ಸಣ್ಣ ಮರಗಳಲ್ಲಿ ಆ ಎಂಟು ವರ್ಷಗಳ ಉಂಗುರಗಳು ಅಗಲವಾಗಿಯೇ ಇವೆ ಎಂದು ನಿಮ್ಮ ವರದಿಯ ನಲವತ್ತನೇ ಪುಟದಲ್ಲೇ ಇದೆ. "ವಯಸ್ಸು ಸಾಲದ ಕಾರಣ ಕೈಬಿಡಲಾಗಿದೆ." ನಿಜ ಹೇಳಿದ ಆರು ಜನರನ್ನು ಚಿಕ್ಕವರೆಂದು ಹೊರಗೆ ಕಳಿಸಿದಿರಿ.

ಇಲ್ಲಿಗೆ ಪತ್ರ ಮುಗಿಸಿದ್ದರೆ ನನಗೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು.

ನಾಲ್ಕು ಬೇಸಗೆಯ ಹಿಂದೆ ನಿಮ್ಮ ಮರ ಓದುವವರು ಬಂದಾಗ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದವಳು ನಾನೇ. ಒಳ್ಳೆಯ ಮನುಷ್ಯ, ಗಡ್ಡಕ್ಕೆ ಸೊಳ್ಳೆ ಎಣ್ಣೆ ಬಳಿದುಕೊಂಡಿದ್ದ. 1981ರ ಬೆಂಕಿಯಲ್ಲಿ ಆಚೆ ದಡದ ಹಳೆಯ ಮರಗಳೆಲ್ಲ ಸುಟ್ಟುಹೋಗಿವೆ. ಈ ಐದೇ ಹಳೆಯವು, ಕೊಂಬೆಯಿಲ್ಲದ ಬೋಳು ಕಾಂಡ, ಕೊರೆಯಲು ಸಲೀಸು ಎಂದು ಅವನಿಗೆ ಬಹಳ ಖುಷಿ. ಆದರೂ ಕೇಳಿದ: "ಅಜ್ಜೀ, ಇವಕ್ಕೆ ನಡುವೆ ಕೊಂಬೆನೇ ಇಲ್ವಲ್ಲ, ಯಾಕೆ?"

"ಗಾಳಿ," ಎಂದೆ.

ಬೇರೆ ಏನು ಹೇಳಿದರೂ ಕ್ಲೆಮೆನ್ಸ್ ಹೆಸರು ಹೇಳಬೇಕಿತ್ತು. ಅವನ ಕೈಯಲ್ಲಿ ಪುಸ್ತಕವಿತ್ತು. ಬರೆದುಕೊಂಡು ಹೋಗಿ ಅಚ್ಚು ಹಾಕಿಸುತ್ತಿದ್ದ. ಮರದ ಮೇಲೆ ಇರುವುದು ಸಾಲದು ಎಂದು ಇನ್ನು ಪುಸ್ತಕದಲ್ಲೂ ಅವಳೇ ಇರಬೇಕೇ ಎನ್ನಿಸಿತು. ನಿಮ್ಮ ವರದಿಯ ಅಡಿಟಿಪ್ಪಣಿಯಲ್ಲಿ ನನ್ನ ಮಾತಿದೆ: "ಸ್ಥಳೀಯರ ಪ್ರಕಾರ ಗಾಳಿಯ ಹಾನಿ." ಮರಗಳು ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ ಸ್ಥಳೀಯಳು ನಾನು.

ಕಳೆದ ವಾರ ಅವಳ ಮನೆಗೆ ಹೋದೆ. ನನ್ನ ಮನೆಯಿಂದ ಎರಡು ಬಾಗಿಲು ಆಚೆ. ಕಿಟಕಿಯ ಪಕ್ಕ ಕೂತು ಬಲೆ ಹೆಣೆಯುತ್ತಿದ್ದಳು. ಎಂಬತ್ತೆಂಟು ವಯಸ್ಸು, ಕನ್ನಡಕವೂ ಬೇಡ.

"ಏನೇ ಅಡೆಲ್, ಸತ್ತಿದೀನಾ ಅಂತ ನೋಡೋಕೆ ಬಂದ್ಯಾ?"

"ನಿನ್ನ ಮರಗಳ ವಿಷಯ ಮಾತಾಡ್ಬೇಕಿತ್ತು."

"ಅರವತ್ತೇಳು ವರ್ಷ ಆಯ್ತು. ಅಷ್ಟೇನೂ ತಡ ಮಾಡಲಿಲ್ಲ ಬಿಡು."

ಎಲ್ಲ ಹೇಳಿದೆ. ನಗುನಗುತ್ತಾ ಬಲೆಯ ಗಂಟೇ ತಪ್ಪಿಸಿದಳು. "ಗಾಳಿ ಅಂದ್ಯಾ? ಐದು ಜನನ್ನ ಎಳೆದು ತಂದವಳನ್ನ ಒಂದೇ ಮಾತಲ್ಲಿ ಊದಿಬಿಟ್ಯಲ್ಲೇ." ಆಮೇಲೆ ಗಂಟು ಬಿಚ್ಚುತ್ತಾ ಹೇಳಿದಳು: "ನಂಗೆ ಮರ ಬೇಕಿರಲಿಲ್ಲ ಕಣೆ. ಐದರಲ್ಲಿ ಒಬ್ಬನಾದ್ರೂ ಮನೆಗೆ ಬರ್ತಾನೆ ಅಂತ ಎರಡು ವರ್ಷ ಟೀ ಕಾಯಿಸಿಟ್ಟೆ. ಎಲ್ಲರೂ ದೂರದಿಂದ ಟೋಪಿ ಎತ್ತಿ ಹೋದ್ರು. ಜುಟ್ಟು ಬಿಟ್ಟು ಮರ ಕಡಿದ ಮೇಲೆ ಆ ಹೆಂಗಸಿನ ಹತ್ರ ಮಾತಾಡೋಕೂ ಹೆದರ್ತಾರೆ ಗಂಡಸರು. ನೀನು ನಾರ್ಸಿಸ್‌ನ ಕಾಲುಚೀಲ ಒಗೀತಿದ್ದೆ, ನಾನು ಅವನು ಹತ್ತಿದ ಮರ ನೋಡ್ತಿದ್ದೆ. ಯಾರಿಗೆ ಹೊಟ್ಟೆ ಉರೀಬೇಕು, ನೀನೇ ಹೇಳು."

ನಾರ್ಸಿಸ್ ಅವಳ ಬಾಯಲ್ಲಿ ಇಷ್ಟು ವರ್ಷ ಉಳಿದಿದ್ದಾನಲ್ಲ ಎಂದು ಹೊಸದಾಗಿ ಒಂದು ಉರಿ ಎದ್ದಿತು. ಈ ಪತ್ರದಲ್ಲಿ ಇನ್ನು ಸುಳ್ಳು ಬೇಡ, ಅದನ್ನೂ ಬರೆದುಕೊಳ್ಳಿ.

ಈಗ ನನ್ನ ಬೇಡಿಕೆ. ನವೆಂಬರಿನ ಸಭೆಗೆ ಮೊದಲು ಆ ಎಂಟು ವರ್ಷಗಳನ್ನು ವರದಿಯಿಂದ ತೆಗೆದುಹಾಕಿ. ಕೈಬಿಟ್ಟ ಆರು ಮರಗಳನ್ನು ಒಳಗೆ ಕರೆಯಿರಿ. ಚಳಿಗಾಲದ ನೀರಿನ ಬಗ್ಗೆ ಚಳಿಗಾಲದಲ್ಲಿ ಬಲೆ ಹಾಕುವವರನ್ನು ಕೇಳಿ. ಅಲ್ಲಿಯವರೆಗೆ ಗಣಿಗೆ ಒಂದು ಬಕೆಟ್ ನೀರನ್ನೂ ಕೊಡಬೇಡಿ. ನನ್ನ ಮಾತಿಗೆ ಪುರಾವೆಯಾಗಿ ಒಂದು ಮರ ಕಡಿದು ಒಳಗೆ ಕೊಡಲಿ ಬಿದ್ದ ಕೊಂಬೆಗಳ ಗಂಟುಗಳನ್ನು ನೋಡಬೇಕೆಂದು ನಿಮಗೆ ಅನ್ನಿಸಬಹುದು. ಅನುಮತಿ ಕೊಡಲು ಅವು ನನ್ನವಲ್ಲ. ನಿಮ್ಮ ಮರ ಓದುವವರು ಮತ್ತೆ ಬಂದಾಗ ಮೊದಲು ಕ್ಲೆಮೆನ್ಸ್ ಲೆಪೀನ್ ಮನೆಗೆ ಹೋಗಲಿ, ಅವಳು ಹೇಳಿದ್ದನ್ನೆಲ್ಲ ಬರೆದುಕೊಳ್ಳಲಿ, ಹೆಸರು ಹಾಕಿ ಅಚ್ಚು ಮಾಡಿಸಲಿ. ಪುಸ್ತಕದಲ್ಲಿ ಜಾಗ ಉಳಿದರೆ ಆಮೇಲೆ ನನ್ನ ಬಾಗಿಲು ತಟ್ಟಲಿ.

ಇಂತಿ,
ಎರಡನೆಯ ಸಾಕ್ಷಿ,
ಅಡೆಲ್ ವಿಲ್‌ಬ್ರನ್